ಹನ್ನೆರಡರ ಹರಳು

ಆನಂದಪುರದ ವೇಬ್ರಿಜ್ಜಿನ ಮೇಲೆ
ಶುಂಠಿ ಲಾರಿ ನಿಂತು ಮೂರು ಗಂಟೆ.
ಗಾಜಿನೊಳಗಿನ ಕೆಂಪು ಅಂಕಿ ತೂಕ ಸರಿಯಾಗೇ ಹೇಳುತ್ತಿದೆ,
ಪ್ರಿಂಟರಿನ ಬಾಯಲ್ಲಿ ಮಾತ್ರ
ಜ್ವರ ಬಂದವರ ಕನವರಿಕೆ:
ಒಂದು ಪ್ರಶ್ನೆಚಿಹ್ನೆ, ಅರ್ಧ ಆವರಣ,
ಯಾವ ದೇಶದ್ದೋ ಟೊಪ್ಪಿ ಹಾಕಿದ ಅಕ್ಷರ.

ಗುತ್ಯಪ್ಪ ಚೀಟಿ ಹರಿದು ಕೈಗಿಟ್ಟ.
"ಓದಿ ಹೇಳಿ ಸಾರ್, ಇದು ಎಷ್ಟು ಕ್ವಿಂಟಾಲು?"

ಮೊದಲು ವೈರಿನ ಮೇಲೆ ಅನುಮಾನ.
ಯಾವಾಗಲೂ ಬಡಪಾಯಿಯ ಮೇಲೇ ಅಲ್ಲವೆ.
ಮೂರು ಎಳೆ: ಆಡುವುದೊಂದು, ಕೇಳುವುದೊಂದು,
ಸುಮ್ಮನಿರುವುದೊಂದು.
ಇವನ ಬಾಯಿ ಅವನ ಕಿವಿಗೆ, ಅವನ ಬಾಯಿ ಇವನ ಕಿವಿಗೆ;
ಇಲ್ಲಿ ಬಾಯಿಗೆ ಬಾಯಿ ಕೊಟ್ಟರೆ
ಜಗಳವೂ ಹುಟ್ಟುವುದಿಲ್ಲ, ಬರೀ ಮೌನ.
ಅದು ಸರಿ ಇತ್ತು.
ಸುಮ್ಮನಿರುವ ಗ್ರೌಂಡು,
ಎರಡೂ ಕಡೆಯ ಸೊನ್ನೆ ಒಂದೇ ಎಂದು ಸಾಕ್ಷಿ ಹೇಳುವವನು,
ಅವನೂ ಇದ್ದ. ಮೀಟರು ಕುಯ್ಯೆಂದಿತು.
ಇಲಿ ಕಚ್ಚಿಲ್ಲ. ತುಕ್ಕಿಲ್ಲ.
ಪಿನ್ನಿನ ಸಂದಿಯಲ್ಲಿ ಒಂದು ಸತ್ತ ಇರುವೆ.
ಊದಿದೆ, ಹೋಯಿತು. ಕನವರಿಕೆ ಹೋಗಲಿಲ್ಲ.

ಡ್ರೈವರ್ ಅಲ್ತಾಫ್ ಕಿಟಕಿಗೆ ಮೊಣಕೈ ಊರಿ:
"ಅಣ್ಣಾ, ಹಸಿ ಶುಂಠಿ ಇದು.
ನೀವು ಸ್ಕ್ರೂ ಬಿಚ್ಚಿದಷ್ಟೂ ಇದು ತೂಕ ಬಿಚ್ಚುತ್ತೆ."

ಕತ್ತಲಾಯಿತು. ಲ್ಯಾಪ್‌ಟಾಪ್ ತೆರೆದು
ಪ್ರಿಂಟರಿನ ಜಾಗದಲ್ಲಿ ನಾನೇ ಕಿವಿಯಾಗಿ ಕೂತೆ.
ಒಂಬತ್ತು ಸಾವಿರದ ಆರುನೂರು: ಕಸ.
ನಾಲ್ಕು ಸಾವಿರದ ಎಂಟುನೂರು: ಬೇರೆ ಕಸ.
ಹತ್ತೊಂಬತ್ತು ಸಾವಿರದ ಇನ್ನೂರು: ಕಸಕ್ಕೇ ಗಾಬರಿ.
ಮತ್ತೆ ಮೊದಲಿನದಕ್ಕೆ ಬಂದು
ಕಸವನ್ನೇ ನೋಡುತ್ತ ಕೂತಾಗ ಕಂಡಿತು,
ಪ್ರತಿ ಸಲವೂ ಅದೇ ಕಸ.
ಹುಚ್ಚನಿಗೆ ಇಷ್ಟು ಶಿಸ್ತು ಇರುವುದಿಲ್ಲ.
ಹಾಗಾದರೆ ಇವನು ಸರಿಯಾಗಿಯೇ ಹೇಳುತ್ತಿದ್ದಾನೆ,
ತುಸು ಅವಸರದಲ್ಲಿ.

ಒಂದೇ ಒರಳಿಗೆ ಎರಡು ಒನಕೆ.
ಒಂದು, ಎರಡು, ಮೂರರ ತನಕ ಲಯ ಕೂಡುತ್ತದೆ,
ನಾಲ್ಕು, ಐದಕ್ಕೆ ಅಂಚು ಸವರುತ್ತದೆ,
ಆರನೆಯ ಬಿಟ್ಟಿಗೆ ಒನಕೆಗೆ ಒನಕೆ ಢಿಕ್ಕಿ.
ಅಲ್ಲಿಂದಾಚೆ ಎತ್ತು ಏರಿಗೆ, ಕೋಣ ನೀರಿಗೆ.

ಯಾವ ಪಟ್ಟಿಯಲ್ಲೂ ಇಲ್ಲದ ವೇಗ ಹಾಕಿ ನೋಡಿದೆ:
ಹತ್ತು ಸಾವಿರದ ನಾನೂರು.
ಪರದೆ ತಿಳಿಯಾಯಿತು. ಲಾರಿ ನಂಬರು, ತಾರೀಖು, ತೂಕ,
ಕೊನೆಗೆ, ಥ್ಯಾಂಕ್ಯೂ ವಿಸಿಟ್ ಅಗೇನ್.

ಆಗಲೇ ಹೊಟ್ಟೆಯೊಳಗೆ ಏನೋ ಕುಸಿದದ್ದು.

ಬೋರ್ಡು ತೆಗೆದು ಟಾರ್ಚು ಹಿಡಿದೆ.
ಹುಣಸೆ ಬೀಜದಷ್ಟು ತಗಡಿನ ಡಬ್ಬಿ,
ಒಳಗೆ ಮಿಡಿಯುವ ಹರಳು,
ಬೆನ್ನ ಮೇಲೆ ಬರಹ: ಹನ್ನೆರಡು.
ಇರಬೇಕಾದ್ದು ಹನ್ನೊಂದು ಪಾಯಿಂಟ್ ಸೊನ್ನೆ ಐದು ಒಂಬತ್ತು ಎರಡು.
"ಇದೆಂಥ ವಕ್ರ ಅಂಕಿ" ಎಂದು ಪಾಲಿಟೆಕ್ನಿಕ್ಕಿನಲ್ಲಿ ನಕ್ಕಿದ್ದೆವು,
ಮೇಷ್ಟ್ರು ಕಪ್ಪುಹಲಗೆಯ ಮೇಲೆ ಭಾಗಿಸಿ ತೋರಿಸಿದ್ದರು:
ಆ ವಕ್ರವೇ ಶೇಷವಿಲ್ಲದೆ ಒಡೆಯುತ್ತದೆ,
ದುಂಡಗಿನ ಹನ್ನೆರಡು ಒಡೆಯುವುದಿಲ್ಲ.

ಹರಳಿನ ಕಾಲಿನ ಬೆಸುಗೆ
ಎಡಕ್ಕೆ ಚೂರು ವಾಲಿದೆ. ಎಡಗೈಯವನ ಕೆಲಸ.
ಈ ಸೀಮೆಯಲ್ಲಿ ಎಡಗೈಲಿ ಕಾವಿಕಡ್ಡಿ ಹಿಡಿಯುವವನು
ನಾನೊಬ್ಬನೇ.

ಹೋದ ತಿಂಗಳು ಸಿಡಿಲು ಬಡಿದ ಬೋರ್ಡು ಇದು.
ಶಿವಮೊಗ್ಗದ ಅಂಗಡಿಯಲ್ಲಿ ಅಂದು ಆ ವಕ್ರ ಇರಲಿಲ್ಲ.
"ಹತ್ತಿರತ್ತಿರ ಅದೇ" ಎಂದು ಅವರು ಕೊಟ್ಟರು,
ಹತ್ತಿರತ್ತಿರ ಅದೇ ಎಂದು ನಾನು ತಂದೆ.
ಕೆಂಪು ಅಂಕಿ ಹೊತ್ತಿತು, ಸಾಕೆನಿಸಿತು,
ಪ್ರಿಂಟರ್ ಹಚ್ಚಿ ನೋಡದೆ
ಸಾಗರದ ಬಸ್ಸಿಗೆ ಹಾಕಿ ಕಳಿಸಿದ್ದೆ.

ಚೀಲದ ತಳದಲ್ಲಿ, ಸತ್ತ ಮೀಟರೊಂದರಿಂದ ಕಿತ್ತಿಟ್ಟ
ಹನ್ನೊಂದು ಚಿಲ್ಲರೆ ಸಿಕ್ಕಿತು. ಬೆಸೆದೆ.
ಕರ್ರ್ ಕರ್ರೆಂದು ಚೀಟಿ ಹೊರಟಿತು:
ಹದಿನಾಲ್ಕು ಸಾವಿರದ ಇನ್ನೂರ ಅರವತ್ತು ಕಿಲೋ.
ಬೆಳಿಗ್ಗೆ ಸೊರಬದಲ್ಲಿ ತೂಗಿದ್ದಕ್ಕಿಂತ ಮೂವತ್ತು ಕಡಿಮೆ.
ಡೀಸೆಲ್ ಇರಬಹುದು, ಶುಂಠಿಯ ನೀರಿರಬಹುದು.
ಅಲ್ತಾಫ್ ಚೀಟಿ ನೋಡಿದ, ನನ್ನನ್ನು ನೋಡಿದ,
ಲಾರಿ ಸ್ಟಾರ್ಟ್ ಮಾಡಿದ.

"ಏನಾಗಿತ್ತು ಸಾರ್?"
"ಹರಳು ಬದಲಾಗಿತ್ತು" ಎಂದೆ.
ಬದಲಾಗಿತ್ತು! ಕನ್ನಡದ ದಯೆ ದೊಡ್ಡದು,
ಕರ್ತೃವನ್ನು ಮನೆಯಲ್ಲೇ ಬಿಟ್ಟು
ಕ್ರಿಯಾಪದವೊಂದೇ ಪೇಟೆಗೆ ಹೋಗಿ ಬರುತ್ತದೆ.

ಗುತ್ಯಪ್ಪ ಐನೂರರ ನೋಟು ಚಾಚಿದ.
ಬೇಡ ಎಂದೆ. ಯಾಕೆ ಎಂದ.
ಇಂಜಿನ್ನಿನ ಸದ್ದಿನ ನಡುವೆ
"ಅದನ್ನ ಹಾಕಿದ್ದೇ ನಾನು" ಎಂದೆ,
ತುಸು ಅವಸರದಲ್ಲಿ.

ಅವನು ಕಿವಿಗೆ ಕೈ ಆನಿಸಿ
"ಹಾಂ?" ಎಂದ.